ಆಪರೇಷನ್ ಥಿಯೇಟರಿಗೆ ಸುರಕ್ಷೆಯ ಪಾಠ ಕಲಿಸಿದ ಜೋಸೆಫ್ ಲಿಸ್ಟರ್

ಇಂದು ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಹೋಮಿನಲ್ಲೂ ಅಪೆಂಡಿಕ್ಸ್, ಹರ್ನಿಯಾ, ಸಿಸೇರಿಯನ್ ಮುಂತಾದ ಆಪರೇಷನ್‌ಗಳು ದಿನನಿತ್ಯದ ಮಾತಾಗಿವೆ. ರೋಗಿಯ ಮನೆಯವರು ಹೊರಗೆ ಬೆಂಚಿನ ಮೇಲೆ ಕುಳಿತು ಬಿಲ್ಲಿನ ಚಿಂತೆ ಮಾಡುತ್ತಾರೆಯೇ ಹೊರತು, ಹೊಲಿಗೆ ಹಾಕಿದ ಗಾಯ ಕೊಳೆತು ಜೀವ ಹೋದೀತೆಂದು ಹೆದರುವವರು ಕಡಿಮೆ. ಸುಮಾರು ನೂರ ಅರವತ್ತು ವರ್ಷಗಳ ಹಿಂದೆ ಲಂಡನ್, ಗ್ಲಾಸ್ಗೊ, ಪ್ಯಾರಿಸ್‌ನಂಥ ದೊಡ್ಡ ನಗರಗಳಲ್ಲೂ ಪರಿಸ್ಥಿತಿ ಹೀಗಿರಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಗುತ್ತಿತ್ತು, ರೋಗಿ ಮಾತ್ರ ನಾಲ್ಕೈದು ದಿನಗಳ ನಂತರ ವಾರ್ಡಿನಲ್ಲಿ ಜ್ವರ ಬಂದು ಸಾಯುತ್ತಿದ್ದನು. ಈ ಸಾವಿಗೆ ಕಾರಣ ಹುಡುಕಿ, ಅದನ್ನು ತಡೆಯುವ ದಾರಿ ತೋರಿಸಿದವರಲ್ಲಿ ಜೋಸೆಫ್ ಲಿಸ್ಟರ್ ಅವರ ಹೆಸರು ಮುಖ್ಯವಾದುದು. ಅವರ ಜೀವನವನ್ನು, ಅದರಲ್ಲೂ ಆಪರೇಷನ್ ಕೋಣೆಯ ಗಾಳಿಯ ಜೊತೆ ಅವರು ನಡೆಸಿದ ಹೋರಾಟವನ್ನು, ವಿದ್ಯಾರ್ಥಿಗಳು ತಿಳಿಯಲೆಂದು ಈ ಲೇಖನ.

ಲಿಸ್ಟರ್ 1827ರ ಏಪ್ರಿಲ್ 5ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಅಪ್ಟನ್ ಎಂಬಲ್ಲಿ ಹುಟ್ಟಿದರು. ಅವರದು ಕ್ವೇಕರ್ ಪಂಥದ ಕುಟುಂಬ. ಸರಳ ಉಡುಪು, ಮಿತವಾದ ಮಾತು, ಆಡಂಬರವಿಲ್ಲದ ಜೀವನ ಆ ಪಂಥದವರ ನಿಯಮ. ತಂದೆ ಜೋಸೆಫ್ ಜಾಕ್ಸನ್ ಲಿಸ್ಟರ್ ವ್ಯಾಪಾರಿ. ಆದರೆ ಅವರ ಮನಸ್ಸೆಲ್ಲಾ ಇದ್ದದ್ದು ಗಾಜಿನ ಮಸೂರಗಳಲ್ಲಿ. ಆ ಕಾಲದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವಸ್ತುವಿನ ಸುತ್ತ ಬಣ್ಣದ ಅಂಚು ಮೂಡಿ ಚಿತ್ರ ಮಸುಕಾಗುತ್ತಿತ್ತು. ತಂದೆ ಲಿಸ್ಟರ್ ಮಸೂರಗಳನ್ನು ಜೋಡಿಸುವ ಹೊಸ ಕ್ರಮ ಕಂಡುಹಿಡಿದು ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿದರು. ಶಾಲೆಯ ವಿಜ್ಞಾನ ಪದವಿ ಯಾವುದೂ ಇಲ್ಲದ ಈ ವ್ಯಾಪಾರಿಯನ್ನು 1832ರಲ್ಲಿ ರಾಯಲ್ ಸೊಸೈಟಿ ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು. ಮಗನಿಗೆ ಬಾಲ್ಯದಲ್ಲೇ ಸೂಕ್ಷ್ಮದರ್ಶಕ ಆಟದ ಸಾಮಾನಿನಂತೆ ಕೈಗೆ ಸಿಕ್ಕಿತು. ಆ ಕಾಲದ ಬಹುಪಾಲು ಸರ್ಜನ್‌ಗಳು ಸೂಕ್ಷ್ಮದರ್ಶಕವನ್ನು ಮುಟ್ಟಿಯೂ ನೋಡಿರಲಿಲ್ಲ ಎಂಬುದನ್ನು ನೆನೆದರೆ, ಮುಂದಿನ ಕಥೆಯ ಬೇರು ಈ ಮನೆಯಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳ ಬಾಗಿಲು ಆಗ ಕ್ವೇಕರ್ ಪಂಥದವರಿಗೆ ಮುಚ್ಚಿತ್ತು. ಆದ್ದರಿಂದ ಲಿಸ್ಟರ್ ಮತಭೇದವಿಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳುತ್ತಿದ್ದ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದರು. 1847ರಲ್ಲಿ ಬಿ.ಎ. ಮುಗಿಯಿತು. ಅದೇ ಸುಮಾರಿಗೆ ಸಿಡುಬು ಬಂದು ಹೋಯಿತು, ಅದರ ಬೆನ್ನಿಗೇ ಮನಸ್ಸು ಕುಸಿದು ಓದು ನಿಂತಿತು. ಕೆಲವು ತಿಂಗಳು ತಿರುಗಾಡಿ ಚೇತರಿಸಿಕೊಂಡು 1848ರಲ್ಲಿ ವೈದ್ಯಕೀಯಕ್ಕೆ ಸೇರಿ 1852ರಲ್ಲಿ ಪದವಿ ಪಡೆದರು. ಅವರಿಗೆ ಸ್ವಲ್ಪ ತೊದಲು ಇತ್ತು. ಅಂಥವರು ಮುಂದೆ ನಾಲ್ಕು ದಶಕ ಪಾಠ ಹೇಳಿದರು.

1853ರಲ್ಲಿ ಅವರು ಎಡಿನ್‌ಬರ್ಗ್‌ಗೆ ಹೋದದ್ದು ಜೇಮ್ಸ್ ಸೈಮ್ ಎಂಬ ಹೆಸರಾಂತ ಸರ್ಜನ್‌ನ ಕೆಲಸ ನೋಡಲು, ಕೆಲವೇ ವಾರಗಳ ಮಟ್ಟಿಗೆ. ಆದರೆ ಅಲ್ಲಿಯೇ ನಿಂತುಬಿಟ್ಟರು. ಸೈಮ್‌ರ ಮಗಳು ಆಗ್ನೆಸ್‌ಳನ್ನು 1856ರಲ್ಲಿ ಮದುವೆಯಾದರು. ಪಂಥದ ಹೊರಗೆ ವಿವಾಹವಾದ ಕಾರಣ ಕ್ವೇಕರ್ ಸಂಘವನ್ನು ಬಿಡಬೇಕಾಯಿತು. ಹೊಸ ದಂಪತಿಗಳು ಯುರೋಪಿನ ಪ್ರವಾಸಕ್ಕೆ ಹೊರಟು, ದಾರಿಯುದ್ದಕ್ಕೂ ಆಸ್ಪತ್ರೆಗಳನ್ನೂ ವೈದ್ಯಕೀಯ ಶಾಲೆಗಳನ್ನೂ ನೋಡಿದರು. ಆಗ್ನೆಸ್ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಲಿಸ್ಟರ್ ಮನೆಯಲ್ಲಿಯೇ ಪ್ರಯೋಗ ನಡೆಸುತ್ತಿದ್ದರು. ಕಪ್ಪೆಯ ಕಾಲಿನ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಉರಿಯೂತವಾದಾಗ ರಕ್ತದ ಹರಿವು ಹೇಗೆ ಬದಲಾಗುತ್ತದೆಂದು ಗಂಟೆಗಟ್ಟಲೆ ನೋಡುತ್ತಿದ್ದರು. ಪಕ್ಕದಲ್ಲಿ ಕುಳಿತು ಅವರು ಹೇಳಿದ್ದನ್ನೆಲ್ಲಾ ಬರೆದುಕೊಳ್ಳುತ್ತಿದ್ದವರು ಆಗ್ನೆಸ್. ಅವರ ಪ್ರಯೋಗ ಪುಸ್ತಕಗಳ ಎಷ್ಟೋ ಪುಟಗಳು ಆಕೆಯ ಕೈಬರಹದಲ್ಲಿವೆ. ದಂಪತಿಗಳಿಗೆ ಮಕ್ಕಳಿರಲಿಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಹೆಣ್ಣುಮಕ್ಕಳ ಹೆಸರು ಅಡಿಟಿಪ್ಪಣಿಯಲ್ಲಿ ಸಿಕ್ಕರೂ ಹೆಚ್ಚು.

1860ರಲ್ಲಿ ಲಿಸ್ಟರ್ ಗ್ಲಾಸ್ಗೊ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾದರು. ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಎಂಬ ಆಸ್ಪತ್ರೆಯಲ್ಲಿ ವಾರ್ಡುಗಳ ಹೊಣೆ ಸಿಕ್ಕಿತು. ಕಟ್ಟಡ ಹೊಸದು. ಆದರೂ ಗಾಯಗಳು ಕೊಳೆಯುತ್ತಿದ್ದವು. ಗಾಯದ ಕೊಳೆತ, ಸರ್ಪಿನಂಥ ಚರ್ಮರೋಗ, ರಕ್ತದಲ್ಲಿ ಕೀವು ಸೇರುವುದು, ಹೀಗೆ ಒಂದರ ಮೇಲೊಂದು ರೋಗ ವಾರ್ಡಿನಲ್ಲಿ ಹಬ್ಬುತ್ತಿತ್ತು. ಮುಂದೆ ಪರೀಕ್ಷಿಸಿದಾಗ, ತಮ್ಮ ವಾರ್ಡೊಂದರ ಗೋಡೆಯ ಪಕ್ಕದಲ್ಲೇ ನೆಲದಿಂದ ಕೆಲವೇ ಅಂಗುಲ ಕೆಳಗೆ 1849ರ ಕಾಲರಾದಲ್ಲಿ ಸತ್ತವರ ಶವಪೆಟ್ಟಿಗೆಗಳು ಸಾಲಾಗಿರುವುದು ಲಿಸ್ಟರ್‌ಗೆ ತಿಳಿಯಿತು. ಇದನ್ನು ಅವರು 1870ರಲ್ಲಿ ಅಚ್ಚು ಹಾಕಿಸಿದಾಗ ಆಸ್ಪತ್ರೆಯ ಆಡಳಿತ ಮಂಡಳಿಗೆ ಬಹಳ ಸಿಟ್ಟು ಬಂತು.

ಆ ಕಾಲದ ಸರ್ಜನ್‌ಗಳ ರೀತಿಯೂ ಹಾಗೆಯೇ ಇತ್ತು. ಹಳೆಯ ಕೋಟೊಂದನ್ನು ಗೂಟಕ್ಕೆ ತೂಗುಹಾಕಿರುತ್ತಿದ್ದರು, ಆಪರೇಷನ್‌ಗೆ ಮುಂಚೆ ಅದನ್ನೇ ತೊಡುತ್ತಿದ್ದರು. ವರ್ಷಗಳ ರಕ್ತ, ಕೀವು ಒಣಗಿ ಕೋಟು ಗಟ್ಟಿಯಾದಷ್ಟೂ ಅವರ ಅನುಭವಕ್ಕೆ ಅದು ಸಾಕ್ಷಿ! ಶವ ಕೊಯ್ದ ಕೈಯಲ್ಲೇ ಬದುಕಿದವರ ಗಾಯ ಮುಟ್ಟುತ್ತಿದ್ದರು. ಚಾಕುವನ್ನು ಉಪಯೋಗಿಸಿದ ಮೇಲೆ ಒರೆಸಿದರೆ ಸಾಕಿತ್ತು. ಗಾಯ ಕೊಳೆಯುವುದಕ್ಕೆ ಕೆಟ್ಟ ಗಾಳಿಯೇ ಕಾರಣ, ಆಮ್ಲಜನಕ ಮಾಂಸಕ್ಕೆ ತಾಗಿ ಹಾಗಾಗುತ್ತದೆ ಎಂಬುದು ಪಂಡಿತರ ಅಭಿಪ್ರಾಯ. ಲಿಸ್ಟರ್‌ಗೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಮೂಳೆ ಮುರಿದರೂ ಚರ್ಮ ಹರಿಯದಿದ್ದರೆ ರೋಗಿ ಬದುಕುತ್ತಾನೆ. ಅದೇ ಮೂಳೆ ಚರ್ಮ ಸೀಳಿ ಹೊರಬಂದರೆ ಕಾಲು ಕತ್ತರಿಸಬೇಕು, ಇಲ್ಲವೇ ಸಾವು. ವ್ಯತ್ಯಾಸವಿರುವುದು ಚರ್ಮದ ಬಾಗಿಲು ತೆರೆದದ್ದರಲ್ಲಿ ಮಾತ್ರ. ಹಾಗಾದರೆ ಆ ಬಾಗಿಲಿನಿಂದ ಒಳಗೆ ಬರುವುದು ಏನು?

ಉತ್ತರ ಸಿಕ್ಕಿದ್ದು ಬೇರೊಂದು ಕಡೆಯಿಂದ. 1865ರಲ್ಲಿ ಗ್ಲಾಸ್ಗೊದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನ್, ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಪ್ರಬಂಧಗಳ ಕಡೆ ಲಿಸ್ಟರ್ ಅವರ ಗಮನ ಸೆಳೆದರು. ಹಾಲು, ದ್ರಾಕ್ಷಾರಸ, ಮಾಂಸದ ಸಾರು ಕೆಡುವುದು ಗಾಳಿಯಿಂದಲ್ಲ, ಗಾಳಿಯಲ್ಲಿ ತೇಲುವ ಧೂಳಿನೊಡನೆ ಬರುವ ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರ್ ಪ್ರಯೋಗಗಳಿಂದ ತೋರಿಸಿದ್ದರು. ಲಿಸ್ಟರ್ ಆ ಪ್ರಯೋಗಗಳನ್ನು ತಾವೇ ಮಾಡಿ ನೋಡಿದರು. ಸಾರು ಕೆಡುವುದಕ್ಕೂ ಗಾಯ ಕೆಡುವುದಕ್ಕೂ ಕಾರಣ ಒಂದೇ ಇರಬೇಕೆಂದು ಹೊಳೆಯಿತು. ಸಾರನ್ನು ಕುದಿಸಬಹುದು, ರೋಗಿಯ ಕಾಲನ್ನು ಕುದಿಸಲಾಗದು. ಆದ್ದರಿಂದ ರಾಸಾಯನಿಕವೊಂದು ಬೇಕಾಗಿತ್ತು. ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿ ನೀರಿನ ದುರ್ವಾಸನೆ ಕಳೆಯಲು ಕಾರ್ಬಾಲಿಕ್ ಆಮ್ಲ ಬೆರೆಸುತ್ತಿದ್ದಾರೆಂದೂ, ಆ ನೀರು ಹರಿಸಿದ ಹುಲ್ಲುಗಾವಲಿನಲ್ಲಿ ಮೇಯುವ ದನಗಳಿಗೆ ಹುಳುಗಳ ಕಾಟ ತಪ್ಪಿದೆಯೆಂದೂ ಅವರು ಓದಿದ್ದರು. ಈ ಆಮ್ಲ ಕಲ್ಲಿದ್ದಲ ಟಾರಿನಿಂದ ಬರುತ್ತದೆ. ಕೆಂಪು ಲೈಫ್‌ಬಾಯ್ ಸೋಪಿನ ಹಳೆಯ ವಾಸನೆ ಹಿರಿಯ ಓದುಗರಿಗೆ ನೆನಪಿರಬಹುದು. ಅದು ಈ ಕಾರ್ಬಾಲಿಕ್‌ನ ವಾಸನೆಯೇ.

1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದರು. ಗಾಡಿಯ ಚಕ್ರ ಎಡಗಾಲಿನ ಮೇಲೆ ಹರಿದು ಮೂಳೆ ಮುರಿದಿತ್ತು, ಚರ್ಮವೂ ಹರಿದಿತ್ತು. ಲಿಸ್ಟರ್ ಗಾಯದ ಮೇಲೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಇಟ್ಟು, ಕಾಲಿಗೆ ಪಟ್ಟಿ ಕಟ್ಟಿಸಿದರು. ನಾಲ್ಕು ದಿನ ಬಿಟ್ಟು ಬಿಚ್ಚಿದಾಗ ಕೊಳೆತ ವಾಸನೆ ಇರಲಿಲ್ಲ. ಆಮ್ಲ ಚರ್ಮವನ್ನು ಸುಟ್ಟಿತ್ತು, ಅದಕ್ಕೆ ಅದನ್ನು ಎಣ್ಣೆಯಲ್ಲಿ ಬೆರೆಸಿ ಹಚ್ಚುವುದನ್ನು ಕಲಿತರು. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಹುಡುಗ ತನ್ನೆರಡು ಕಾಲಿನ ಮೇಲೆ ಮನೆಗೆ ಹೋದನು. ಒಂದು ವಿಚಿತ್ರ ಸಂಗತಿಯನ್ನು ಇಲ್ಲಿ ಹೇಳಬೇಕು. ಅದರ ಮರುದಿನವೇ, ಅಂದರೆ ಆಗಸ್ಟ್ 13ರಂದು, ವಿಯೆನ್ನಾದ ಹುಚ್ಚಾಸ್ಪತ್ರೆಯೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ತೀರಿಕೊಂಡರು. ವೈದ್ಯರು ಕೈ ತೊಳೆದರೆ ಬಾಣಂತಿಯರ ಸಾವು ತಪ್ಪುತ್ತದೆಂದು 1847ರಲ್ಲಿಯೇ ತೋರಿಸಿ, ಯಾರೂ ಕೇಳದೆ ಹತಾಶರಾದವರು ಅವರು. ಲಿಸ್ಟರ್‌ಗೆ ಆಗ ಅವರ ಹೆಸರೂ ಗೊತ್ತಿರಲಿಲ್ಲ.

1867ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಲಿಸ್ಟರ್ ಅವರ ಲೇಖನಗಳು ಬಂದವು. ಹನ್ನೊಂದು ರೋಗಿಗಳ ವಿವರ ಅದರಲ್ಲಿತ್ತು. ಒಬ್ಬರು ಸತ್ತಿದ್ದರು, ಒಬ್ಬರ ಕಾಲು ತೆಗೆಯಬೇಕಾಗಿತ್ತು, ಉಳಿದ ಒಂಬತ್ತು ಮಂದಿ ಗುಣವಾಗಿದ್ದರು. ಅದೇ ವರ್ಷ ಜೂನ್‌ನಲ್ಲಿ ಅವರಿಗೆ ದೊಡ್ಡ ಪರೀಕ್ಷೆ ಎದುರಾಯಿತು. ಸಹೋದರಿ ಇಸಬೆಲ್ಲಾಗೆ ಸ್ತನದ ಕ್ಯಾನ್ಸರ್ ಆಗಿತ್ತು. ಬೇರೆ ಸರ್ಜನ್‌ಗಳು ಕೈ ಹಾಕಲು ಒಪ್ಪಲಿಲ್ಲ. ಲಿಸ್ಟರ್ ಎಡಿನ್‌ಬರ್ಗ್‌ಗೆ ಹೋಗಿ ಮಾವ ಸೈಮ್‌ರೊಡನೆ ಮಾತನಾಡಿ ಬಂದು, ಗ್ಲಾಸ್ಗೊದ ತಮ್ಮ ಮನೆಯ ಊಟದ ಮೇಜಿನ ಮೇಲೆ ತಾವೇ ಆಪರೇಷನ್ ಮಾಡಿದರು. ಉಪಕರಣಗಳನ್ನೂ ಕೈಗಳನ್ನೂ ಕಾರ್ಬಾಲಿಕ್‌ನಲ್ಲಿ ಅದ್ದಿದ್ದರು. ಗಾಯ ಕೊಳೆಯದೆ ಮಾಗಿತು. ಕ್ಯಾನ್ಸರ್ ಮತ್ತೆ ಬಂದು ಆಕೆ ತೀರಿಕೊಂಡದ್ದು ಸುಮಾರು ಮೂರು ವರ್ಷಗಳ ನಂತರ.

ಲೆಕ್ಕವನ್ನೇ ನೋಡೋಣ. 1864 ಮತ್ತು 1866ರಲ್ಲಿ, ಹಳೆಯ ಕ್ರಮದಲ್ಲಿ, ಅವರ ವಾರ್ಡಿನಲ್ಲಿ ಕೈಕಾಲು ಕತ್ತರಿಸಿದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. 1867ರಿಂದ 1869ರವರೆಗೆ ಹೊಸ ಕ್ರಮದಲ್ಲಿ 40 ಮಂದಿಯಲ್ಲಿ ಸತ್ತವರು 6. ನೂರಕ್ಕೆ 46 ಇದ್ದದ್ದು 15ಕ್ಕೆ ಇಳಿಯಿತು. ಇಷ್ಟಾದರೂ ಸ್ವದೇಶದ ವೈದ್ಯರು ಒಪ್ಪಲಿಲ್ಲ. ಕ್ಲೋರೋಫಾರ್ಮ್ ಬಳಕೆಯಿಂದ ಕೀರ್ತಿ ಪಡೆದಿದ್ದ ಜೇಮ್ಸ್ ಯಂಗ್ ಸಿಂಪ್ಸನ್, ಫ್ರಾನ್ಸಿನ ಲೆಮೇರ್ ಇದನ್ನು ಮೊದಲೇ ಬಳಸಿದ್ದಾನೆಂದು ಟೀಕಿಸಿದರು. ಕಾರ್ಬಾಲಿಕ್‌ನ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಲಿಸ್ಟರ್ ತಂದದ್ದು ಒಂದು ಔಷಧಿಯನ್ನಲ್ಲ, ಸೂಕ್ಷ್ಮಜೀವಿಯನ್ನು ಗಾಯದಿಂದ ದೂರವಿಡಬೇಕೆಂಬ ತತ್ವವನ್ನು. ಕಣ್ಣಿಗೆ ಕಾಣದ ಜೀವಿಯನ್ನು ನಂಬಲು ಹಿರಿಯರು ಸಿದ್ಧರಿರಲಿಲ್ಲ. ನಂಬಿದರೆ, ಇಷ್ಟು ದಿನ ತಮ್ಮ ಕೈಯಿಂದಲೇ ರೋಗಿಗಳು ಸತ್ತರೆಂದು ಒಪ್ಪಬೇಕಾಗುತ್ತಿತ್ತು. ಜರ್ಮನಿ, ಡೆನ್ಮಾರ್ಕ್‌ಗಳ ಸರ್ಜನ್‌ಗಳು ಬೇಗ ಕಲಿತರು. 1875ರಲ್ಲಿ ಲಿಸ್ಟರ್ ಜರ್ಮನಿಗೆ ಹೋದಾಗ ಅವರಿಗೆ ಭವ್ಯ ಸ್ವಾಗತ ದೊರೆಯಿತು.

ಇಷ್ಟರಲ್ಲಿ 1869ರಲ್ಲಿ ಅವರು ಮಾವನ ಸ್ಥಾನಕ್ಕೆ ಎಡಿನ್‌ಬರ್ಗ್‌ಗೆ ಮರಳಿದ್ದರು. ಅಲ್ಲಿಯೇ ಅವರು ಗಾಳಿಯ ಮೇಲೆ ಯುದ್ಧ ಹೂಡಿದ್ದು. ಪಾಶ್ಚರ್ ಹೇಳಿದಂತೆ ಧೂಳಿನಲ್ಲಿ ಜೀವಾಣುಗಳಿದ್ದರೆ, ಆಪರೇಷನ್ ಮೇಜಿನ ಸುತ್ತಲಿನ ಗಾಳಿಯನ್ನೇ ಶುದ್ಧಗೊಳಿಸಬೇಕಲ್ಲವೇ? ಕಾರ್ಬಾಲಿಕ್ ದ್ರಾವಣವನ್ನು ಮಂಜಿನಂತೆ ಸಿಂಪಡಿಸುವ ಯಂತ್ರ ಮಾಡಿಸಿದರು. ಮೊದಲು ಕೈಯಿಂದ ಒತ್ತುವುದು, ಆಮೇಲೆ ದೊಡ್ಡ ಪಂಪು, ಕೊನೆಗೆ ಹಬೆಯಿಂದ ನಡೆಯುವುದು. 1871ರಲ್ಲಿ ವಿಕ್ಟೋರಿಯಾ ರಾಣಿಗೆ ಕಂಕುಳಲ್ಲಿ ಕೀವುಗುಳ್ಳೆ ಎದ್ದಾಗ ಬಾಲ್ಮೊರಲ್ ಅರಮನೆಗೆ ಲಿಸ್ಟರ್ ಅವರನ್ನೇ ಕರೆಸಿದರು. ಆಗಲೂ ಈ ಸ್ಪ್ರೇ ಜೊತೆಗಿತ್ತು. ರಾಣಿಯ ಮುಖಕ್ಕೂ ಸ್ವಲ್ಪ ಸಿಡಿಯಿತೆಂದು ಹೇಳುತ್ತಾರೆ.

ಈ ಮಂಜಿನಲ್ಲಿ ರೋಗಿ ಮಾತ್ರ ಇರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಸರ್ಜನ್, ಸಹಾಯಕರು, ನರ್ಸುಗಳು ಎಲ್ಲರೂ ಗಂಟೆಗಟ್ಟಲೆ ಅದನ್ನೇ ಉಸಿರಾಡಬೇಕಾಗಿತ್ತು. ಕೈಗಳ ಚರ್ಮ ಬಿಳಚಿ ಮರಗಟ್ಟುತ್ತಿತ್ತು, ಬಿರುಕು ಬಿಡುತ್ತಿತ್ತು, ಕೆಮ್ಮು ಬರುತ್ತಿತ್ತು. ರೋಗಿಯನ್ನು ಉಳಿಸಲು ಮಾಡಿದ ಉಪಾಯ ಉಳಿಸುವವರಿಗೇ ಮುಳುವಾಯಿತು. ವರ್ಷ ಕಳೆದಂತೆ ಲಿಸ್ಟರ್‌ಗೆ ತಿಳಿದದ್ದು ಇದು: ಗಾಳಿಯ ಧೂಳಿಗಿಂತ ಕೈ, ಉಪಕರಣ, ರೋಗಿಯ ಚರ್ಮ ಇವುಗಳಿಂದಲೇ ಹೆಚ್ಚು ಅಪಾಯ. 1887ರ ಹೊತ್ತಿಗೆ ಸ್ಪ್ರೇಯನ್ನು ಕೈಬಿಟ್ಟರು. 1890ರಲ್ಲಿ ಬರ್ಲಿನ್ ನಗರದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ ನಿಂತು, ಅದನ್ನು ಎಂದಾದರೂ ಶಿಫಾರಸು ಮಾಡಿದ್ದಕ್ಕೆ ತಮಗೆ ನಾಚಿಕೆಯಾಗುತ್ತಿದೆಯೆಂದು ಎಲ್ಲರೆದುರು ಹೇಳಿದರು. ಜಗತ್ತೇ ಹೊಗಳುತ್ತಿದ್ದ ಕಾಲದಲ್ಲಿ ಹೀಗೆ ಹೇಳಲು ದೊಡ್ಡ ಮನಸ್ಸು ಬೇಕು. ಅದೇ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್, ಔಷಧಿಗಳಿಂದ ಕೈ ಹುಣ್ಣಾದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗಾಗಿ ತೆಳುವಾದ ರಬ್ಬರ್ ಕೈಗವಸು ಮಾಡಿಸಿಕೊಟ್ಟರು. ಇಂದಿನ ಗ್ಲೌಸ್ ಬಂದದ್ದು ಹೀಗೆ, ರೋಗಿಯ ರಕ್ಷಣೆಗಲ್ಲ, ನರ್ಸಿನ ರಕ್ಷಣೆಗೆ. 1897ರಲ್ಲಿ ಮಿಕುಲಿಚ್ ಎಂಬ ಸರ್ಜನ್ ಬಟ್ಟೆಯ ಮಾಸ್ಕ್ ಕಟ್ಟಿಕೊಂಡರು. ಲಿಸ್ಟರ್ ಮಾತ್ರ ಮಾಸ್ಕ್, ಗ್ಲೌಸ್ ಯಾವುದನ್ನೂ ತೊಡದೆ, ಮಾಮೂಲಿ ಕೋಟಿನಲ್ಲೇ ಆಪರೇಷನ್ ಮಾಡಿದವರು.

ಹಾಗಾದರೆ ಗಾಳಿಯ ಪ್ರಶ್ನೆ ಮುಗಿಯಿತೇ? ಮುಗಿಯಲಿಲ್ಲ. ಗಾಯವನ್ನು ಸುಟ್ಟು ರಕ್ತ ನಿಲ್ಲಿಸುವ ಕ್ರಮ ಬಹಳ ಹಳೆಯದು. ಸಾವಿರ ವರ್ಷದ ಹಿಂದೆ ಕಾರ್ಡೋಬಾದ ಅಬುಲ್ ಕಾಸಿಂ ಜಹ್ರಾವಿ ತಮ್ಮ ಗ್ರಂಥದ ಶಸ್ತ್ರಚಿಕಿತ್ಸಾ ಭಾಗವನ್ನು ಆರಂಭಿಸಿದ್ದೇ ಕಾದ ಕಬ್ಬಿಣದ ಚಿಕಿತ್ಸೆಯಿಂದ. 1926ರಲ್ಲಿ ಬಾಸ್ಟನ್ನಿನಲ್ಲಿ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ರಚಿಸಿದ ವಿದ್ಯುತ್ ಯಂತ್ರದಿಂದ ಮಿದುಳಿನ ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಿದರು. ಇಂದು ಬಹುತೇಕ ಎಲ್ಲಾ ಥಿಯೇಟರುಗಳಲ್ಲೂ ಈ ಕಾಟರಿ ಇದೆ. ಅದು ಮಾಂಸವನ್ನು ಮುಟ್ಟಿದೊಡನೆ ಹೊಗೆ ಏಳುತ್ತದೆ. ಹೊಗೆಯಲ್ಲಿ ನೂರಕ್ಕೆ 95 ಭಾಗ ನೀರಾವಿಯೇ. ಉಳಿದ 5 ಭಾಗದಲ್ಲಿ ಬೆಂಜೀನ್‌ನಂಥ ರಾಸಾಯನಿಕಗಳು, ಜೀವಕೋಶದ ಚೂರುಗಳು, ಕೆಲವೊಮ್ಮೆ ವೈರಸ್‌ಗಳು ಇರುತ್ತವೆ. ನರುಲಿಗಳನ್ನು ಲೇಸರ್‌ನಿಂದ ಸುಟ್ಟಾಗ ಬರುವ ಹೊಗೆಯಲ್ಲಿ ಪ್ಯಾಪಿಲೋಮಾ ವೈರಸ್‌ನ ಡಿ.ಎನ್.ಎ. ಇದೆಯೆಂದು 1988ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಇಂಥ ರೋಗಿಗಳಿಗೆ ಲೇಸರ್ ಚಿಕಿತ್ಸೆ ಮಾಡುತ್ತಿದ್ದ ಸರ್ಜನ್ ಒಬ್ಬರ ಗಂಟಲಿನಲ್ಲೇ ಆ ಜಾತಿಯ ಗಂಟುಗಳು ಬೆಳೆದ ಪ್ರಕರಣ 1991ರಲ್ಲಿ ನಾರ್ವೆಯಿಂದ ವರದಿಯಾಯಿತು. 2016ರಲ್ಲಿ ಕೊರಿಯಾದ ವೈದ್ಯರು ಲ್ಯಾಪರೊಸ್ಕೋಪಿಯ ಹೊಗೆಯಲ್ಲಿ ಹೆಪಟೈಟಿಸ್ ಬಿ ವೈರಸ್ ಕಂಡರು. ಡಿ.ಎನ್.ಎ. ಸಿಕ್ಕಿತೆಂದ ಮಾತ್ರಕ್ಕೆ ರೋಗ ಹರಡಿತೆಂದು ಅರ್ಥವಲ್ಲ, ಹರಡಿದ ಪ್ರಕರಣಗಳು ಬೆರಳೆಣಿಕೆಯವು. 2020ರಲ್ಲಿ ಕೋವಿಡ್ ಬಂದಾಗ ಸರ್ಜನ್‌ಗಳು ಈ ಹೊಗೆಗೆ ಹೆದರಿದರು. ಆದರೆ ಹೊಗೆಯಿಂದಲೇ ಕೋವಿಡ್ ಹರಡುತ್ತದೆಂದು ಸಾಬೀತಾಗಲಿಲ್ಲ.

ಸಾಮಾನ್ಯ ಸರ್ಜಿಕಲ್ ಮಾಸ್ಕ್ ಈ ಹೊಗೆಗೆ ಸಾಲದು. ಕಾಟರಿಯ ಹೊಗೆಯ ಕಣಗಳು ಸರಾಸರಿ 0.07 ಮೈಕ್ರಾನ್‌ನಷ್ಟು ಸಣ್ಣವು, ಮಾಸ್ಕಿನ ಬದಿಯಿಂದಲೂ ನುಸುಳುತ್ತವೆ. ಹೊಗೆ ಏಳುವ ಜಾಗದಿಂದ ಸುಮಾರು 5 ಸೆಂಟಿಮೀಟರ್ ಒಳಗೆ ಹೀರುಕೊಳವೆ ಹಿಡಿದು, ಒಳ್ಳೆಯ ಫಿಲ್ಟರಿನ ಮೂಲಕ ಸೆಳೆದುಕೊಳ್ಳುವುದೇ ಸರಿಯಾದ ಉಪಾಯ. 1996ರಲ್ಲಿಯೇ ಅಮೆರಿಕದ ಸರ್ಕಾರಿ ಸಂಸ್ಥೆ ಇದನ್ನು ಸೂಚಿಸಿತ್ತು; ಅಲ್ಲಿ ಇದನ್ನು ಕಾನೂನು ಮಾಡಿದ ಮೊದಲ ರಾಜ್ಯ ರೋಡ್ ಐಲೆಂಡ್, 2018ರಲ್ಲಿ. ಸೂಚನೆಗೂ ಕಾನೂನಿಗೂ ನಡುವೆ 22 ವರ್ಷ! ಹೊಗೆಯನ್ನು ದಿನವೂ ಹೆಚ್ಚು ಹೊತ್ತು ಉಸಿರಾಡುವವರು ನರ್ಸುಗಳು ಮತ್ತು ಥಿಯೇಟರ್ ಸಹಾಯಕರು. ನಮ್ಮ ಸಂಸ್ಥೆಗಳ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್, ಥಿಯೇಟರ್ ಟೆಕ್ನಾಲಜಿ ಕೋರ್ಸುಗಳಿಗೆ ಸೇರುತ್ತಿದ್ದಾರೆ. ಕೆಲಸಕ್ಕೆ ಸೇರಿದ ಮೇಲೆ, ಇಲ್ಲಿ ಹೊಗೆ ಹೀರುವ ಯಂತ್ರ ಇದೆಯೇ ಎಂದು ಅವರು ಧೈರ್ಯವಾಗಿ ಕೇಳಬಹುದು.

ಮತ್ತೆ ಲಿಸ್ಟರ್ ಕಥೆಗೆ ಬರೋಣ. 1877ರಲ್ಲಿ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದರು. ಎಡಿನ್‌ಬರ್ಗ್‌ನಲ್ಲಿ ತುಂಬಿ ತುಳುಕುತ್ತಿದ್ದ ತರಗತಿ ಇಲ್ಲಿ ಬರಿದಾಯಿತು. ಪರೀಕ್ಷಕರು ಹಳೆಯ ಮತದವರು, ಲಿಸ್ಟರ್ ಪಾಠ ಕೇಳಿ ಬರೆದರೆ ನಪಾಸಾದೇವೆಂದು ಹುಡುಗರಿಗೆ ಭಯ. ಆದರೆ ಅದೇ ಅಕ್ಟೋಬರ್‌ನಲ್ಲಿ ಅವರು ಒಡೆದ ಮಂಡಿಚಿಪ್ಪಿನ ರೋಗಿಯೊಬ್ಬನ ಚರ್ಮ ಬಿಡಿಸಿ, ಬೆಳ್ಳಿ ತಂತಿಯಿಂದ ಚೂರುಗಳನ್ನು ಕಟ್ಟಿದರು. ಚರ್ಮ ಹರಿಯದ ಮುರಿತವನ್ನು ತಾವಾಗಿಯೇ ತೆರೆಯುವುದೆಂದರೆ ಆ ಕಾಲದಲ್ಲಿ ಕೊಲೆಗೆ ಸಮಾನ. ರೋಗಿ ಗುಣವಾದನು, ಲಂಡನ್ ಬಾಯಿ ಮುಚ್ಚಿತು. ಅಮೆರಿಕ ಇನ್ನೂ ತಡವಾಗಿ ಕಲಿಯಿತು. 1876ರಲ್ಲಿ ಲಿಸ್ಟರ್ ಫಿಲಡೆಲ್ಫಿಯಾಕ್ಕೆ ಹೋಗಿ ಉಪನ್ಯಾಸ ಕೊಟ್ಟು ಬಂದಿದ್ದರೂ, 1881ರ ಜುಲೈನಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಾಗಿದಾಗ ವೈದ್ಯರು ತೊಳೆಯದ ಬೆರಳುಗಳಿಂದಲೇ ಗಾಯ ಕೆದಕಿದರು. ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಗುಂಡಿಗಿಂತ ಸೋಂಕೇ ಅವರನ್ನು ಕೊಂದಿತೆಂದು ಈಗಿನ ಬಹಳಷ್ಟು ವೈದ್ಯರು ಭಾವಿಸುತ್ತಾರೆ.

ಗೌರವಗಳು ತಾವಾಗಿ ಬಂದವು. 1883ರಲ್ಲಿ ಬ್ಯಾರೊನೆಟ್, 1895ರಿಂದ 1900ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ, 1897ರಲ್ಲಿ ಲಾರ್ಡ್ ಪದವಿ. 1892ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಅವರ ಎಪ್ಪತ್ತನೇ ಹುಟ್ಟುಹಬ್ಬದ ಸಮಾರಂಭದಲ್ಲಿ ಲಿಸ್ಟರ್ ತಮ್ಮ ಕೃತಜ್ಞತೆ ಅರ್ಪಿಸಿದರು, ಇಬ್ಬರೂ ಸಭೆಯ ಮುಂದೆ ಆಲಿಂಗಿಸಿಕೊಂಡರು. ಬಾಯಿ ಮುಕ್ಕಳಿಸುವ ಲಿಸ್ಟರೀನ್‌ಗೆ 1879ರಲ್ಲಿ ಅವರ ಹೆಸರಿಟ್ಟದ್ದು ಅಮೆರಿಕದವರು, ಅದನ್ನು ಮಾಡಿದವರು ಲಿಸ್ಟರ್ ಅಲ್ಲ.

1893ರಲ್ಲಿ ಇಟಲಿಯ ರಪಾಲ್ಲೊದಲ್ಲಿ ರಜೆ ಕಳೆಯುತ್ತಿದ್ದಾಗ ಆಗ್ನೆಸ್ ನ್ಯುಮೋನಿಯಾದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೂವತ್ತೇಳು ವರ್ಷ ಪ್ರಯೋಗ ಪುಸ್ತಕದ ಪಕ್ಕದಲ್ಲಿ ಕುಳಿತಿದ್ದ ಜೊತೆಗಾತಿ ಹೋದ ಮೇಲೆ ಅವರು ಆಸ್ಪತ್ರೆಯ ಕೆಲಸದಿಂದ ದೂರವಾದರು. 1902ರಲ್ಲಿ ಏಳನೇ ಎಡ್ವರ್ಡ್‌ಗೆ ಪಟ್ಟಾಭಿಷೇಕಕ್ಕೆ ಎರಡು ದಿನ ಮುಂಚೆ ಅಪೆಂಡಿಕ್ಸ್ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದಾಗ ಹಿರಿಯರಾದ ಲಿಸ್ಟರ್ ಅವರ ಸಲಹೆಯನ್ನೂ ಪಡೆದರು. ಆಪರೇಷನ್ ಮಾಡಿದವರು ಫ್ರೆಡರಿಕ್ ಟ್ರೀವ್ಸ್. ದೊರೆ ಬದುಕಿದರು.

ಕಡೆಗಾಲದಲ್ಲಿ ಕಣ್ಣು, ಕಿವಿ ಮಂದವಾಗಿ ಕೆಂಟ್ ಪ್ರಾಂತದ ವಾಲ್ಮರ್ ಎಂಬ ಸಮುದ್ರತೀರದ ಊರಿನಲ್ಲಿದ್ದರು. 1912ರ ಫೆಬ್ರವರಿ 10ರಂದು ಅಲ್ಲಿಯೇ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ದೊಡ್ಡವರ ಸಾಲಿನಲ್ಲಿ ಸಮಾಧಿ ಮಾಡುವ ಅವಕಾಶವಿತ್ತು. ಅವರ ಇಚ್ಛೆ ಬೇರೆಯಾಗಿತ್ತು. ಅಬ್ಬೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ದೇಹವನ್ನು ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಸಾಮಾನ್ಯ ಸ್ಮಶಾನಕ್ಕೆ ಒಯ್ದು, ಆಗ್ನೆಸ್ ಪಕ್ಕದಲ್ಲಿ ಮಣ್ಣು ಮಾಡಿದರು.